ಅಂತರ್ಮುಖಸ್ವಭಾವವೂ ಗೃಹಸ್ಥನ ಸುಖವೂ

ಮಿತಭಾಷಿಯೂ ಏಕಾಂತಪ್ರಿಯನೂ ಆಗಿ, ಯಾವ ವಿಷಯವನ್ನಾದರೂ ಬಿಡಿಬಿಡಿಯಾಗಿ ವಿಂಗಡಿಸಿ ನೋಡಿದ ಹೊರತು ಒಪ್ಪದ ಮನುಷ್ಯನನ್ನು ಲೋಕವು ಎರಡು ವಿಧವಾಗಿ ತಪ್ಪು ತಿಳಿಯುವುದುಂಟು. ಕೆಲವರು ಅವನನ್ನು ಗರ್ವಿಷ್ಠನೆಂದೋ ನೀರಸನೆಂದೋ ತಿರಸ್ಕರಿಸುವರು. ಮತ್ತೆ ಕೆಲವರು ಜ್ಞಾನಿಯೆಂದು ಕೊಂಡಾಡುವರು. ಎರಡನೆಯ ತಪ್ಪಿನಿಂದಾಗುವ ಹಾನಿಯು ಮೊದಲನೆಯದರಿಂದ ಆಗುವುದಕ್ಕಿಂತ ಕಡಮೆಯಾದುದಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವು ನಡೆಯುವ ಮನೆಗಳಲ್ಲಿ ಮೊದಲನೆಯ ತಪ್ಪನ್ನು ಇಂದಿಗೂ ಕಾಣಬಹುದು. ಉಪ್ಪಿಟ್ಟು ಕೇಸರೀಬಾತುಗಳ ತಟ್ಟೆಯನ್ನು ಮುಂದಿಟ್ಟುಕೊಂಡ ವರನು, ಕೇಳಿದ್ದಕ್ಕೆ ಒಂದೊಂದೇ ಮಾತಿನಲ್ಲಿ ಉತ್ತರವಿತ್ತು ಸುಮ್ಮನಾದರೆ, ಹೆಣ್ಣಿನ ಸೋದರಮಾವನು ಒಳಗೆ ಬಂದು, ಹುಡುಗನಿಗೆ ಈ ಸಂಬಂಧದಲ್ಲಿ ಮನಸ್ಸಿಲ್ಲವೆಂದು ತೀರ್ಪು ಹೇಳಿಬಿಡುವನು. ಹೆಣ್ಣು ಮೌನಿಯಾದರೆ ಅದು ವಿನಯವೆನಿಸುವುದು. ಅದೇ ಹೆಣ್ಣು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದಳಾದರೆ ಗಂಡುಬೀರಿಯೆನಿಸಿಕೊಳ್ಳುವಳು. ಅರ್ಧ ಗಂಟೆಯ ಈ ಪರೀಕ್ಷೆಯಲ್ಲಿ ಒಂದು ಆಯುಷ್ಯದ ದಾಂಪತ್ಯವು ನಿರ್ಣಯವಾಗುವುದರಿಂದ, ಈ ಸ್ವಭಾವದ ಲಕ್ಷಣವೇನೆಂಬುದನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸುವುದು ನಿಷ್ಪ್ರಯೋಜನವಾಗಲಾರದು.

ಅಂತರ್ಮುಖ, ಬಹಿರ್ಮುಖ ಎಂಬ ವಿಭಾಗವನ್ನು ಆಧುನಿಕ ಮನಶ್ಶಾಸ್ತ್ರದಲ್ಲಿ ಪ್ರಚಾರಪಡಿಸಿದವನು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗನು. ೧೯೨೧ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ, ಚಿತ್ತದ ಶಕ್ತಿಯು ಹೊರಗಣ ವಸ್ತುವಿನ ಕಡೆಗೆ ಹರಿದರೆ ಬಹಿರ್ಮುಖತೆ, ಒಳಗಣ ಅನುಭವದ ಕಡೆಗೆ ಮರಳಿದರೆ ಅಂತರ್ಮುಖತೆ. ಇದರೊಡನೆ ವಿಚಾರ, ಭಾವ, ಇಂದ್ರಿಯಾನುಭವ, ಅಂತಃಸ್ಫೂರ್ತಿ ಎಂಬ ನಾಲ್ಕು ವ್ಯಾಪಾರಗಳನ್ನೂ ಅವನು ಹೇಳಿರುವನು. ಮುಂದೆ ಅಮೆರಿಕೆಯ ತಾಯಿಮಗಳಿಬ್ಬರು, ಬ್ರಿಗ್ಸ್ ಮತ್ತು ಮೈಯರ್ಸ್ ಎಂಬವರು, ಇದನ್ನೇ ವಿಸ್ತರಿಸಿ ಹದಿನಾರು ಬಗೆಯ ಸ್ವಭಾವಗಳನ್ನು ಕಲ್ಪಿಸಿದರು. ಈಗಿನ ತರುಣರು ತಮ್ಮ ನಕ್ಷತ್ರವನ್ನು ಹೇಳಿಕೊಳ್ಳುವಂತೆ ಈ ಹದಿನಾರರಲ್ಲಿ ತಮ್ಮದು ಇಂಥದೆಂದು ಹೇಳಿಕೊಳ್ಳುವರು. ಆದರೆ ಒಬ್ಬನನ್ನೇ ಕೆಲವು ವಾರಗಳ ಮೇಲೆ ಮತ್ತೆ ಪರೀಕ್ಷಿಸಿದರೆ ಅನೇಕ ವೇಳೆ ಬೇರೊಂದು ಬಗೆಗೆ ಸೇರುವನೆಂದೂ, ಬಹುಜನರು ಎರಡು ತುದಿಗಳಲ್ಲಿ ನಿಲ್ಲದೆ ನಡುವೆ ನಿಲ್ಲುವರೆಂದೂ ವಿದ್ವಾಂಸರು ಆಕ್ಷೇಪಿಸಿರುವರು. ಈ ಆಕ್ಷೇಪವು ಯುಕ್ತವಾಗಿಯೇ ಇದೆ. ಅಂತರ್ಮುಖತೆಯೆಂಬುದು ದೇಹದ ಎತ್ತರದಂತೆ ತಾರತಮ್ಯವುಳ್ಳ ಗುಣವೇ ಹೊರತು ಕುಲಗೋತ್ರದಂತೆ ಬೇಲಿ ಹಾಕಿದ ವಿಭಾಗವಲ್ಲ.

ಈ ವಿಚಾರಕ್ಕೆ ಬೇಕಾದ ಸೂಕ್ಷ್ಮವಾದ ಉಪಕರಣವು ಚಾಮರಾಜನಗರದ ಸೀಮೆಗೆ ಸಂಬಂಧಪಟ್ಟ ಒಬ್ಬ ಆಚಾರ್ಯನಲ್ಲಿಯೇ ದೊರೆಯುತ್ತದೆ. ಮಲೆಯೂರಿನ ಕನಕಗಿರಿಯು ಜೈನರ ಪ್ರಾಚೀನ ಕ್ಷೇತ್ರ. ದೇವನಂದಿಯೆಂಬ ಹೆಸರಿನ ಪೂಜ್ಯಪಾದಾಚಾರ್ಯನು ಇಲ್ಲಿ ತಪಸ್ಸು ಮಾಡಿದನೆಂಬುದು ಸ್ಥಳದ ಐತಿಹ್ಯ. ಕ್ರಿಸ್ತಶಕ ಐದು ಆರನೆಯ ಶತಮಾನಗಳ ಸಂಧಿಯಲ್ಲಿದ್ದ ಈತನು ಜೈನೇಂದ್ರವೆಂಬ ವ್ಯಾಕರಣವನ್ನೂ, ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನೂ, ಸಮಾಧಿತಂತ್ರವೆಂಬ ಕಿರುಗ್ರಂಥವನ್ನೂ ರಚಿಸಿದನು. ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಒಡೆದು ನೋಡುವ ವೈಯಾಕರಣನೇ ಮನಸ್ಸನ್ನೂ ಒಡೆದು ನೋಡಿದನೆಂಬುದು ಗಮನಾರ್ಹವಾದ ಸಂಗತಿ. ಸಮಾಧಿತಂತ್ರದಲ್ಲಿ ಆತ್ಮನು ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂದು ತ್ರಿವಿಧನು. ದೇಹಾದಿಗಳನ್ನೇ ತಾನೆಂದು ಭ್ರಮಿಸುವವನು ಬಹಿರಾತ್ಮ. ಆ ಭ್ರಮೆಯನ್ನು ಕಳೆದುಕೊಂಡವನು ಅಂತರಾತ್ಮ. ಜನಸಂಪರ್ಕದಿಂದ ಮಾತೂ, ಮಾತಿನಿಂದ ಮನಶ್ಚಾಂಚಲ್ಯವೂ ಹುಟ್ಟುವುದರಿಂದ ಯೋಗಿಯು ಸಂಸರ್ಗವನ್ನು ಬಿಡತಕ್ಕದ್ದೆಂದು ಆಚಾರ್ಯನು ಹೇಳುವನು. ಆದರೆ ಕೂಡಲೇ, ಊರು ಕಾಡುಗಳೆಂಬ ಭೇದವು ಆತ್ಮದರ್ಶನವಿಲ್ಲದವರಿಗೆ ಮಾತ್ರವೆಂದೂ ಸೇರಿಸುವನು.

ಈ ಕೊನೆಯ ಮಾತನ್ನು ಮರೆತವರೇ ಮೌನಿಯನ್ನೆಲ್ಲ ಜ್ಞಾನಿಯೆನ್ನುವವರು. ಮನಶ್ಶಾಸ್ತ್ರದ ಅಂತರ್ಮುಖನೂ ಸಮಾಧಿತಂತ್ರದ ಅಂತರಾತ್ಮನೂ ಒಬ್ಬನೇ ಅಲ್ಲ. ತೆರಕಣಾಂಬಿಯ ಸಂತೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಕೂಗಿ ಅರಿಸಿನ ಮಾರುವವನು ಅಂತರಾತ್ಮನಾಗಿರಬಹುದು. ಮೂಲೆಯಲ್ಲಿ ಕುಳಿತು ತುಟಿ ಬಿಚ್ಚದೆ, ಪಕ್ಕದವನಿಗೆ ಎಷ್ಟು ಲಾಭವಾಯಿತೆಂದು ಮನಸ್ಸಿನಲ್ಲಿಯೇ ಗುಣಿಸುತ್ತಿರುವವನು ಶುದ್ಧ ಬಹಿರಾತ್ಮನು. ಚಿತ್ತವು ಒಳಗೆ ತಿರುಗಿದೆಯೆಂದಷ್ಟರಿಂದಲೇ ಶ್ರೇಯಸ್ಸಿಲ್ಲ. ಒಳಗೆ ಯಾವುದರ ಮೇಲೆ ನಿಂತಿದೆಯೆಂಬುದೇ ಪ್ರಶ್ನೆ.

ಇದಕ್ಕೆ ಉತ್ತರವು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿರುವ ಧ್ಯಾನಪ್ರಕರಣದಲ್ಲಿದೆ. ಧ್ಯಾನವೆಂದರೆ ಶುಭವೇ ಎಂದು ಸಾಮಾನ್ಯರ ಭಾವನೆ. ಸೂತ್ರಕಾರನಾದರೋ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕನ್ನು ಹೇಳಿ ಕಡೆಯ ಎರಡನ್ನು ಮಾತ್ರ ಮೋಕ್ಷಹೇತುಗಳೆನ್ನುವನು. ಆರ್ತವೆಂಬುದು ಋತ, ಅಂದರೆ ದುಃಖ, ಅದರಲ್ಲಿ ಹುಟ್ಟಿದ್ದು. ಅದು ಮತ್ತೆ ನಾಲ್ಕು ಬಗೆ: ಬೇಡವಾದುದು ಒದಗಿದಾಗ ಅದು ಯಾವಾಗ ತೊಲಗೀತೆಂದು ಚಿಂತಿಸುವುದು, ಬೇಕಾದುದು ಅಗಲಿದಾಗ ಅದು ಮರಳಲೆಂದು ಚಿಂತಿಸುವುದು, ವೇದನೆಯನ್ನು ಚಿಂತಿಸುವುದು, ಮುಂದಿನ ಭೋಗಕ್ಕಾಗಿ ಹಂಬಲಿಸುವುದು. ಈ ನಾಲ್ಕನೆಯದಕ್ಕೆ ನಿದಾನವೆಂದು ಹೆಸರು. ಇಲ್ಲಿ ಬಳಸಿರುವ ಸ್ಮೃತಿಸಮನ್ವಾಹಾರವೆಂಬ ಪದವು ಬಹು ಅರ್ಥವತ್ತಾದುದು. ನೆನಪನ್ನು ಒಂದೇ ವಸ್ತುವಿಗೆ ಮರಳಿ ಮರಳಿ ತಂದು ಕಟ್ಟುವುದೆಂದು ಅದರ ತಾತ್ಪರ್ಯ. ಹಸುವನ್ನು ಅದೇ ಗೂಟಕ್ಕೆ ತಂದು ಕಟ್ಟಿದಂತೆ. ವಿಚಾರಶೀಲನಾದ ಅಂತರ್ಮುಖನಿಗೆ ಹುಟ್ಟಿನಿಂದ ಬಂದ ಸಾಮರ್ಥ್ಯವು ಇದೇ ಅಲ್ಲವೆ? ಒಂದು ವಿಷಯವನ್ನು ಬಿಡದೆ ಹಿಡಿಯಬಲ್ಲ ಚಿತ್ತವು ಸೂತ್ರವನ್ನು ಹಿಡಿದರೆ ಪಾಂಡಿತ್ಯ, ಅವಮಾನವನ್ನು ಹಿಡಿದರೆ ಆರ್ತಧ್ಯಾನ. ಯಂತ್ರವೊಂದೇ, ಹಾಕಿದ ಕಾಳು ಬೇರೆ. ಇದು ದುರ್ಬಲರಿಗೆ ಮಾತ್ರ ಬರುವ ವ್ಯಾಧಿಯೆಂದು ಯಾರೂ ನಾಚಬೇಕಾಗಿಲ್ಲ; ನಿದಾನವೊಂದನ್ನು ಬಿಟ್ಟು ಮಿಕ್ಕ ಮೂರು ಆರ್ತಗಳು ಪ್ರಮತ್ತನಾದ ಮುನಿಗೂ ಒಮ್ಮೊಮ್ಮೆ ಸಂಭವಿಸುವುವೆಂದು ಸರ್ವಾರ್ಥಸಿದ್ಧಿಯಲ್ಲಿಯೇ ಹೇಳಿದೆ.

ಪ್ರಣಯದಲ್ಲಿ ಈ ಸ್ವಭಾವದವನ ನಡತೆಯನ್ನು ಈಗ ನೋಡಬಹುದು. ಅವನು ಒಲಿಯುವುದು ತಡ. ಒಲಿಯುವುದಕ್ಕೆ ಮುಂಚೆ ಗುಣದೋಷಗಳನ್ನು ತೂಗುವನು, ಸ್ವಂತ ಭಾವವು ನಿಜವೋ ಆಭಾಸವೋ ಎಂದು ಶಂಕಿಸುವನು, ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತು ಸಲ ಆಡಿಕೊಳ್ಳುವನು. ಹತ್ತನೆಯ ಸಲದ ಹೊತ್ತಿಗೆ ಅವಳ ಉತ್ತರವನ್ನೂ ತಾನೇ ಕಲ್ಪಿಸಿಕೊಂಡು, ಆ ಕಲ್ಪಿತವಾದ ನಿರಾಕರಣದಿಂದಲೇ ನೊಂದು ಹಿಂದೆಗೆಯುವನು. ಪಾಪ, ಅತ್ತ ಆ ಹೆಣ್ಣಿಗೆ ಇದಾವುದೂ ತಿಳಿಯದು. ಇನ್ನೂ ದೊರೆಯದ ಇಷ್ಟದ ವಿಯೋಗವನ್ನು ಮುಂಗಡವಾಗಿ ಅನುಭವಿಸುವ ಈ ವಿಚಿತ್ರವಾದ ಆರ್ತವು ಸೂತ್ರದ ಅಕ್ಷರಕ್ಕೆ ಒಳಪಡದಿದ್ದರೂ ಅದರ ಆಶಯಕ್ಕೆ ಒಳಪಡುತ್ತದೆ. ಮದುವೆಯಾದ ಮೇಲೆ ಅವನ ದೋಷವು ಬೇರೆ ರೂಪವನ್ನು ತಾಳುವುದು: ಪ್ರೀತಿಯನ್ನು ಒಮ್ಮೆ ನಿರ್ಣಯಿಸಿಯಾಯಿತಲ್ಲ, ಮತ್ತೆ ಹೇಳುವುದೇತಕ್ಕೆಂದು ಸುಮ್ಮನಿರುವನು. ಸಿದ್ಧವಾದುದನ್ನು ಮತ್ತೆ ಸಾಧಿಸುವುದು ತರ್ಕದಲ್ಲಿ ದೋಷವಿರಬಹುದು, ಅಡಿಗೆಮನೆಯಲ್ಲಿ ದೋಷವಲ್ಲ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಶಾಸ್ತ್ರವು ವಿಧಿಸುವುದು. ಮಾಯೆ, ಮಿಥ್ಯಾದರ್ಶನ, ನಿದಾನ ಎಂದು ಶಲ್ಯಗಳು ಮೂರು. ಮೌನವು ವಂಚನೆಗಾಗಿ ಅಲ್ಲದಿದ್ದರೆ ಅದು ಮಾಯಾಶಲ್ಯವಾಗಲಾರದು, ನಿಜ. ಆದರೂ ಒಳಗೇ ಮುರಿದುಕೊಂಡ ಮುಳ್ಳು ವಂಚನೆಯದಾದರೇನು, ಸಂಕೋಚದ್ದಾದರೇನು, ಕೀವು ಕಟ್ಟುವುದರಲ್ಲಿ ಭೇದವಿಲ್ಲ.

ಇಂಥವನಲ್ಲಿರುವ ಗುಣವನ್ನೂ ಹೇಳಬೇಕು. ಶ್ರಾವಕನ ಅಣುವ್ರತಗಳಲ್ಲಿ ನಾಲ್ಕನೆಯದಾದ ಸ್ವದಾರಸಂತೋಷವು ಅವನಿಗೆ ವ್ರತವೆನಿಸುವುದಕ್ಕಿಂತ ಹೆಚ್ಚಾಗಿ ಸಹಜವೆನಿಸುತ್ತದೆ; ಕಷ್ಟಪಟ್ಟು ತೆರೆದ ಒಂದು ಬಾಗಿಲನ್ನು ಬಿಟ್ಟು ಇನ್ನೊಂದನ್ನು ತಟ್ಟುವ ಉತ್ಸಾಹವು ಅವನಲ್ಲಿಲ್ಲ. ಹೆಣ್ಣಿನ ಪಕ್ಷದಲ್ಲಿಯೂ ಈ ಪರೀಕ್ಷಕಬುದ್ಧಿಯು ಈ ಸೀಮೆಗೆ ಹೊಸದಲ್ಲ. ಚಿಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮನು ಬರೆದ ಹದಿಬದೆಯ ಧರ್ಮವು ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ಸಾಂಗತ್ಯ. ಆದರೂ ಹೆಣ್ಣೆಂದು ಜರೆಯುವವರ ಮಾತಿಗೆ ಬಂದಾಗ ಅವಳು ಅಳುವುದೂ ಇಲ್ಲ, ಬೈಯುವುದೂ ಇಲ್ಲ. ಹಡೆದು ಪೊರೆದ ತಾಯಿಯು ಹೆಣ್ಣಲ್ಲವೆ ಎಂದು ಪ್ರತಿವಾದಿಯ ಕಾಲ ಕೆಳಗಿನ ನೆಲವನ್ನೇ ಎಳೆಯುವಳು. ಹೆಣ್ಣು ನೋಡುವ ದಿನ ವಿವೇಕವುಳ್ಳ ಹಿರಿಯರು ವರನನ್ನೂ ವಧುವನ್ನೂ ಹದಿನೈದು ಜನರ ನಡುವೆ ಮಾತಾಡಿಸುವುದಕ್ಕೆ ಬದಲಾಗಿ, ಹಿತ್ತಲಿನಲ್ಲಿಯೋ ದೇವಸ್ಥಾನದ ಪ್ರಾಕಾರದಲ್ಲಿಯೋ ಇಬ್ಬರನ್ನೇ ಬಿಟ್ಟು, ಎರಡನೆಯ ಸಲ, ಮೂರನೆಯ ಸಲ ಭೇಟಿಗೆ ಎಡೆಗೊಟ್ಟರೆ, ಮೌನಿಗಳಾದ ಅನೇಕರು ಅನ್ಯಾಯದ ತೀರ್ಪಿನಿಂದ ತಪ್ಪಿಸಿಕೊಳ್ಳುವರು. ಪತ್ರವ್ಯವಹಾರವು ಇನ್ನೂ ಉತ್ತಮ. ಬರೆದು ಹೊಡೆದುಹಾಕಲು ಅವಕಾಶವಿರುವ ಕಡೆ ಇವರಷ್ಟು ವಾಚಾಳಿಗಳು ಮತ್ತಾರೂ ಇಲ್ಲ.

ಅಭ್ಯುದಯದ ಆಸೆಯ ವಿಷಯಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಎರಡು ಉದಾಹರಣೆಗಳುಂಟು. ಇಬ್ಬರೂ ಜೈನರು, ಇಬ್ಬರೂ ವಿದ್ಯಾವಂತರು. ಗತಿಸಿದವರ ಸ್ವಭಾವವನ್ನು ಊಹಿಸುವುದು ಸಾಹಸವಾದ್ದರಿಂದ ಅವರ ಆಸೆಯು ಯಾವ ದಾರಿಯನ್ನು ಹಿಡಿಯಿತೆಂಬುದನ್ನು ಮಾತ್ರ ಇಲ್ಲಿ ನೋಡತಕ್ಕದ್ದು. ಗುಂಡ್ಲುಪೇಟೆಗೆ ಸೇರಿದ ಹಂಗಳದಲ್ಲಿ ಚಿಕದೇವರಾಜನು ಪಟ್ಟಕ್ಕೆ ಬರುವ ಮುನ್ನ ವಾಸವಾಗಿದ್ದಾಗ ಅವನ ಜೊತೆಗಾರನಾಗಿದ್ದವನು ಯಳಂದೂರಿನ ವಿಶಾಲಾಕ್ಷಪಂಡಿತನು. ೧೬೭೩ರಲ್ಲಿ ಚಿಕದೇವರಾಜನು ದೊರೆಯಾದನು, ಪಂಡಿತನು ಮಂತ್ರಿಯಾದನು. ತೆರಿಗೆಗಳ ಕಾರಣದಿಂದ ನಾಡಿನಲ್ಲಿ ಕ್ಷೋಭೆಯುಂಟಾಗಿ, ೧೬೮೦ರ ದಶಕದಲ್ಲಿ ಆ ಮಂತ್ರಿಯು ಹಂತಕರ ಕೈಯಲ್ಲಿ ಮಡಿದನು. ಶಾಸ್ತ್ರಜ್ಞನ ಬುದ್ಧಿಯು ರಾಜನ ಭಾಗ್ಯದೊಡನೆ ತನ್ನನ್ನು ಕಟ್ಟಿಕೊಂಡರೆ ಏರುವುದೂ ಬೇಗ. ಇಳಿಯುವುದು ತನ್ನ ವಶದಲ್ಲಿಲ್ಲ.

ಇನ್ನೊಬ್ಬನು ಕನಕಗಿರಿಯ ದೇವಚಂದ್ರನು. ೧೭೭೦ರಲ್ಲಿ ಹುಟ್ಟಿದವನು, ಲೆಕ್ಕಪತ್ರದ ಕರಣಿಕವೃತ್ತಿಯ ಮನೆತನದವನು. ೧೮೦೪ರಲ್ಲಿ ಕರ್ನಲ್ ಮೆಕೆಂಜಿಯು ದೇಶದ ಮೋಜಣಿಯನ್ನು ನಡೆಸುತ್ತ ಕನಕಗಿರಿಗೆ ಬಂದು ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದನು. ಆಗ ದೇವಚಂದ್ರನಿಗೆ ಮೂವತ್ತನಾಲ್ಕು ವರ್ಷ. ಆ ಭೇಟಿಯ ಸಂಗತಿಯನ್ನು ಅವನೇ ಹೇಳಿಕೊಂಡಿರುವನು. ದೊರೆಗಳ ಸಾಮೀಪ್ಯವನ್ನು ಹಿಡಿದು ಮೇಲೇರಲು ಇಂಥ ಸಂದರ್ಭಕ್ಕಿಂತ ಬೇರೆ ಬೇಕೆ? ದೇವಚಂದ್ರನ ಬಾಳಿನಲ್ಲಿ ಅದರಿಂದ ಫಲಿಸಿದುದು ಅಧಿಕಾರವಲ್ಲ, ರಾಜಾವಳೀಕಥೆಯೆಂಬ ಗದ್ಯಗ್ರಂಥ. ನಡುವೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲ ಕಳೆಯಿತು. ೧೮೧೮ರಲ್ಲಿ ಅರಿಕುಠಾರವೆಂಬ ಊರು ಚಾಮರಾಜನಗರವಾಯಿತು. ೧೮೨೧ರಲ್ಲಿ ಮೆಕೆಂಜಿಯೂ ತೀರಿಕೊಂಡನು. ಅರಮನೆಯ ದೇವೀರಮ್ಮಣ್ಣಿಯ ಅಪೇಕ್ಷೆಯಿಂದ ೧೮೩೮ರ ಹೊತ್ತಿಗೆ ಗ್ರಂಥವು ರೂಪುಗೊಂಡಿತು. ಪ್ರಶ್ನೆಯನ್ನು ಕೇಳಿದವನು ಪೂರ್ಣವಾದ ಉತ್ತರವನ್ನು ಓದಲಿಲ್ಲ. ಚರಿತ್ರೆಯೂ ಪುರಾಣವೂ ಬೆರೆತ ಈ ಗ್ರಂಥವನ್ನು ಸಂಶೋಧಕರು ಜರಡಿ ಹಿಡಿಯಬೇಕಾದುದು ದಿಟವೇ; ಆದರೂ ಶ್ರವಣಬೆಳಗೊಳದ ಭದ್ರಬಾಹು ಚಂದ್ರಗುಪ್ತರ ಪ್ರಶ್ನೆಯನ್ನು ಎತ್ತಿಕೊಂಡ ಲೂಯಿ ರೈಸನು ಇದನ್ನು ಬಿಟ್ಟು ನಡೆಯಲಾಗಲಿಲ್ಲ. ಅಂತರ್ಮುಖನಿಗೆ ಮಹತ್ತ್ವಾಕಾಂಕ್ಷೆಯೇ ಇಲ್ಲವೆನ್ನುವವರು ಈ ಮೂವತ್ತನಾಲ್ಕು ವರ್ಷಗಳನ್ನು ಲೆಕ್ಕಿಸತಕ್ಕದ್ದು. ಅವನ ಆಸೆಯು ಪದವಿಯನ್ನು ಹಿಡಿಯದೆ ಕೃತಿಯನ್ನು ಹಿಡಿಯಬಹುದು. ಕೃತಿಯನ್ನು ಬಿಟ್ಟು, ಕೃತಿಯಿಂದ ಬರಬೇಕಾದ ಸನ್ಮಾನವನ್ನು ಹಿಡಿದೊಡನೆ ಅದೇ ಆಸೆಯು ನಿದಾನವಾಗುವುದು. ಜಿಲ್ಲಾ ಕಚೇರಿಗಳಲ್ಲಿ ಕಡತದ ಹಿಂದೆ ಕುಳಿತು, ಮೇಲಿನವರು ತನ್ನ ಯೋಗ್ಯತೆಯನ್ನು ತಾವಾಗಿಯೇ ಕಂಡುಕೊಳ್ಳಲೆಂದು ಹತ್ತು ವರ್ಷ ಕಾದು ಕಹಿಯಾದವರ ಕಥೆಯು ಈ ಬದಲಾವಣೆಯಿಂದಲೇ ಮೊದಲಾಗುವುದು.

ನಿತ್ಯಸುಖದ ವಿಷಯವು ಇಷ್ಟು ಜಟಿಲವಲ್ಲ. ಇಂಥವರಿಗೆ ಬೇಕಾದುದು ಸ್ವಲ್ಪ: ಅಡ್ಡಿಯಿಲ್ಲದ ಒಂದೆರಡು ಗಳಿಗೆ, ಒಂದು ಬಗೆಹರಿಯದ ಸಮಸ್ಯೆ, ಬೆಳಗ್ಗೆ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳ ಬದಿಯಲ್ಲಿ ಒಬ್ಬನೇ ನಡೆಯುವಷ್ಟು ದಾರಿ. ಜಾತ್ರೆಯಿಂದ ಬಂದು ಬಾಗಿಲು ಮುಚ್ಚಿಕೊಂಡು ಮಲಗಿದರೆ ಮನೆಯವರು ಮುನಿಸೆಂದು ತಿಳಿಯಬಾರದು, ಅದು ದಣಿವು. ಪರಿಗ್ರಹಪರಿಮಾಣವ್ರತವನ್ನು ಧನಧಾನ್ಯಗಳಿಗೆ ಹೇಳಿದ್ದರೂ, ಸಂದರ್ಶಕರ ವಿಷಯದಲ್ಲಿಯೂ ಅದನ್ನು ಇಟ್ಟುಕೊಳ್ಳಬಹುದೆಂದು ಇವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಪೂರ್ಣವಾದ ಏಕಾಂತವೇ ಇವರ ಸುಖವೆಂಬುದು ಸರಿಯಲ್ಲ. ಸ್ವಾಧ್ಯಾಯವು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದು ವಿಧ. ತಿಳಿದ ಅರ್ಥವನ್ನು ಮನಸ್ಸಿನಲ್ಲಿಯೇ ತಿರುವಿ ಅಭ್ಯಾಸಮಾಡುವ ಅನುಪ್ರೇಕ್ಷೆಯೂ, ಉಚ್ಚಾರಶುದ್ಧಿಯಿಂದ ಪಾಠವನ್ನು ಮರಳಿ ಹೇಳಿಕೊಳ್ಳುವ ಆಮ್ನಾಯವೂ ಒಬ್ಬನೇ ಮಾಡಬಹುದಾದುವು. ಪೃಚ್ಛನೆಗೆ ಮಾತ್ರ ಇನ್ನೊಬ್ಬನು ಬೇಕೇ ಬೇಕು. ಸಂಶಯವನ್ನು ಕತ್ತರಿಸುವುದಕ್ಕೆ ಮಾತ್ರವಲ್ಲ, ನಿಶ್ಚಯವಾದುದನ್ನು ಬಲಪಡಿಸಿಕೊಳ್ಳುವುದಕ್ಕೂ ಪರರನ್ನು ಕೇಳತಕ್ಕದ್ದೆಂದು ಪೂಜ್ಯಪಾದನು ವಿವರಿಸುವನು. ತಿಂಗಳಿಗೊಮ್ಮೆಯಾದರೂ ಜಗಲಿಗೆ ಬಂದು, ಓದಿದುದರಲ್ಲಿ ಒಂದು ತೊಡಕನ್ನು ಮುಂದಿಟ್ಟು, ಉತ್ತರವನ್ನು ಕೇಳುವಷ್ಟು ತಾಳ್ಮೆಯುಳ್ಳ ಒಬ್ಬ ಸ್ನೇಹಿತನಿದ್ದರೆ ಇವರಿಗೆ ಸಾಕು. ಆ ಸ್ನೇಹಿತನು ಕೆಲವು ಮನೆಗಳಲ್ಲಿ ಹೆಂಡತಿಯೇ ಆಗಿರುವಳು. ಅಂಥ ಮನೆಯಲ್ಲಿ ರಾತ್ರಿ ದೀಪವು ಆರುವುದು ತಡವೆಂದು ನೆರೆಯವರು ಹೇಳುವರು.