ನೋಯುವ ಕೀಲಿನ ನಿದಾನ

ಸಾವಿಲ್ಲದ ಮನೆಯಿಂದ ಸಾಸಿವೆ ತರುವುದು ಎಷ್ಟು ಕಷ್ಟವೋ, ಕೀಲುನೋವಿಲ್ಲದ ಮನೆಯಿಂದ ಸಾಸಿವೆ ತರುವುದೂ ಹೆಚ್ಚುಕಡಮೆ ಅಷ್ಟೇ ಕಷ್ಟವೆನ್ನಬಹುದು. ಅಜ್ಜಿಗೆ ಮಂಡಿ ಹಿಡಿದಿರುತ್ತದೆ. ತಾಯಿಗೆ ಬೆಳಗ್ಗೆ ಎದ್ದೊಡನೆ ಬೆರಳು ಮಡಿಸಲಾಗದು. ಚಿಕ್ಕಪ್ಪನಿಗೆ ನಡುರಾತ್ರಿಯಲ್ಲಿ ಕಾಲಿನ ಹೆಬ್ಬೆರಳು ಬಾತು, ಹೊದಿಕೆಯ ಭಾರವನ್ನೂ ತಾಳದು. ಇವೆಲ್ಲಕ್ಕೂ ‘ವಾಯು’ ಎಂಬ ಒಂದೇ ಹೆಸರನ್ನಿಟ್ಟು ಒಂದೇ ಎಣ್ಣೆಯನ್ನು ತಿಕ್ಕುವುದು ನಮ್ಮಲ್ಲಿ ವಾಡಿಕೆ. ನಮ್ಮ ಹಳೆಯ ವೈದ್ಯಶಾಸ್ತ್ರಕಾರರು ಈ ವಿಷಯದಲ್ಲಿ ಇಷ್ಟು ಉದಾರಿಗಳಾಗಿರಲಿಲ್ಲ. ಚರಕಸಂಹಿತೆಯು ವಾತರಕ್ತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಾಧವನಿದಾನವು ಆಮವಾತವನ್ನು ಬೇರೆಯಾಗಿ ವಿವರಿಸಿದೆ. ಇಂದಿನ ವೈದ್ಯಶಾಸ್ತ್ರವು ಕೀಲುಗಳನ್ನೂ ಅವುಗಳ ಸುತ್ತಣ ಭಾಗಗಳನ್ನೂ ಪೀಡಿಸುವ ನೂರಕ್ಕೂ ಹೆಚ್ಚು ರೋಗಗಳನ್ನು ಗುರುತಿಸಿದೆ. ಅವುಗಳಲ್ಲಿ ಕೆಲವು ತಾವಾಗಿಯೇ ಗುಣವಾಗುತ್ತವೆ. ಕೆಲವು ವರ್ಷಗಟ್ಟಲೆ ಕಾಡುತ್ತವೆ. ಇನ್ನು ಕೆಲವು ಕೆಲವೇ ದಿನಗಳಲ್ಲಿ ಕೀಲನ್ನು ಶಾಶ್ವತವಾಗಿ ಕೆಡಿಸಬಲ್ಲವು. ನೋವೆಂಬ ಒಂದೇ ದೂರಿನೊಡನೆ ಬಂದವರಲ್ಲಿ ಯಾರಿಗೆ ಯಾವ ರೋಗವೆಂಬುದನ್ನು ವೈದ್ಯನು ಹೇಗೆ ಬೇರ್ಪಡಿಸುತ್ತಾನೆ?

ಕ್ಷ-ಕಿರಣದ ಚಿತ್ರವನ್ನು ತೆಗೆಸಿ ರಕ್ತವನ್ನು ಪರೀಕ್ಷಿಸಿದರೆ ಆಯಿತಲ್ಲವೆ, ಎಂದು ವಾಚಕರು ಕೇಳಬಹುದು. ಎರಡೂ ಬೇಕಾದವೇ. ಆದರೆ ಅವು ಬಹುಮಟ್ಟಿಗೆ ಕೊನೆಯಲ್ಲಿ ಬರತಕ್ಕವು. ಏಕೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಕೀಲಿನ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ಮಂಡಿಯನ್ನೇ ತೆಗೆದುಕೊಂಡರೆ, ಅಲ್ಲಿ ಸಂಧಿಸುವ ಮೂಳೆಗಳ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಅವುಗಳ ಸುತ್ತಲೂ ಗಟ್ಟಿಯಾದ ಒಂದು ಚೀಲ. ಚೀಲದ ಒಳಮೈಗೆ ತೆಳುವಾದ ಒಂದು ಪೊರೆ. ಈ ಪೊರೆಯಿಂದ ಒಸರುವ ರಸವು ಮೊಟ್ಟೆಯ ಲೋಳೆಯಂತೆ ಅಂಟಾಗಿದ್ದು, ಮೂಳೆಗಳು ತೊಡಕಿಲ್ಲದೆ ಜಾರುವಂತೆ ಮಾಡುತ್ತದೆ. ಆರೋಗ್ಯವಾದ ಮಂಡಿಯಲ್ಲಿ ಇದು ಒಂದು ಚಿಕ್ಕ ಚಮಚೆ ತುಂಬುವಷ್ಟೂ ಇರುವುದಿಲ್ಲ. ಮೃದ್ವಸ್ಥಿಯಲ್ಲಿ ನರಗಳಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಆದುದರಿಂದ ಅದು ಬಹುಕಾಲ ಸವೆಯುತ್ತ ಹೋದರೂ ಒಡೆಯನಿಗೆ ತಿಳಿಯದಿರಬಹುದು. ನೋವಿನ ಸುದ್ದಿಯನ್ನು ಒಯ್ಯತಕ್ಕವು ಚೀಲ, ಪೊರೆ, ಮೂಳೆ ಹಾಗೂ ಸುತ್ತಣ ಸ್ನಾಯುರಜ್ಜುಗಳು.

ಹೀಗಿರುವುದರಿಂದ ವೈದ್ಯನ ಮೊದಲನೆಯ ಸಂದೇಹವೇ, ನೋವು ನಿಜವಾಗಿ ಕೀಲಿನಲ್ಲಿದೆಯೇ ಎಂಬುದು. ಭುಜ ನೋಯುತ್ತದೆಂದು ಬಂದವನಿಗೆ ತೋಳನ್ನು ತಾನಾಗಿ ಎತ್ತಲು ಹೇಳುತ್ತಾನೆ. ಬಳಿಕ ತೋಳನ್ನು ಸಡಿಲವಾಗಿ ಬಿಡಿಸಿ ತಾನೇ ಎತ್ತಿ ನೋಡುತ್ತಾನೆ. ಎರಡು ಸಲವೂ ಒಂದೇ ಸಮನಾಗಿ ನೊಂದರೆ ದೋಷವು ಕೀಲಿನೊಳಗಿರುವುದು ಸಂಭವ. ತಾನೆತ್ತಿದಾಗ ಮಾತ್ರ ನೊಂದು, ವೈದ್ಯನೆತ್ತಿದಾಗ ಸಲೀಸಾಗಿ ಮೇಲೇರಿದರೆ, ಕೀಲನ್ನು ಆಡಿಸುವ ಸ್ನಾಯುವಿನಲ್ಲೋ ಅದರ ರಜ್ಜುವಿನಲ್ಲೋ ಪೆಟ್ಟಿದೆಯೆಂದು ಊಹಿಸಬಹುದು. ಇದಕ್ಕೆ ಯಂತ್ರವೇನೂ ಬೇಕಾಗಿಲ್ಲ.

ನೋವು ತೋರುವ ಸ್ಥಳವೇ ನೋವಿನ ಮೂಲವೆಂದು ತಿಳಿಯುವಂತೆಯೂ ಇಲ್ಲ. ಹನ್ನೆರಡು ವರ್ಷದ ಬಾಲಕನೊಬ್ಬನು ಮಂಡಿ ನೋಯುತ್ತದೆಂದು ಕುಂಟುತ್ತಾ ಬಂದನೆನ್ನಿ. ಮಂಡಿಯಲ್ಲಿ ಬಾವಿಲ್ಲ, ಬಿಸಿಯಿಲ್ಲ. ಅದರ ಕ್ಷ-ಕಿರಣ ಚಿತ್ರವೂ ನಿರ್ಮಲವಾಗಿದೆ. ಇಲ್ಲಿಗೆ ಪರೀಕ್ಷೆಯನ್ನು ಮುಗಿಸಿ ಹುಡುಗನನ್ನು ಮನೆಗೆ ಕಳುಹಿಸಿದರೆ ದೊಡ್ಡ ಅನರ್ಥವಾದೀತು. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಶಾಖೆಗಳು ಹೋಗುತ್ತವೆ; ಸೊಂಟದ ಕೀಲಿನ ನೋವು ಮಂಡಿಯಲ್ಲಿ ತೋರುವುದುಂಟು. ಈ ವಯಸ್ಸಿನಲ್ಲಿ ತೊಡೆಯೆಲುಬಿನ ಗುಂಡು ತಲೆಯು ತನ್ನ ಬೆಳವಣಿಗೆಯ ಪದರದ ಬಳಿ ಜಾರುವ ರೋಗವೊಂದಿದೆ. ಬೇಗನೆ ಕಂಡುಹಿಡಿದು ಮೊಳೆಯಿಂದ ಭದ್ರಪಡಿಸಿದರೆ ಹುಡುಗನು ಎಂದಿನಂತೆ ನಡೆದಾನು. ತಡವಾದರೆ ಜೀವನವಿಡೀ ಕುಂಟಬೇಕಾದೀತು. ಆದಕಾರಣ ಮಂಡಿನೋವಿನ ಮಕ್ಕಳ ಸೊಂಟದ ಕೀಲನ್ನು ತಿರುಗಿಸಿ ನೋಡದೆ ಬಿಡಬಾರದೆಂದು ವೈದ್ಯವಿದ್ಯಾರ್ಥಿಗಳಿಗೆ ಕಲಿಸುತ್ತಾರೆ.

ನೋವು ಯಾವ ಹೊತ್ತಿನಲ್ಲಿ ಹೆಚ್ಚು ಎಂಬ ಪ್ರಶ್ನೆ ಮೇಲುನೋಟಕ್ಕೆ ಕುಶಲಪ್ರಶ್ನೆಯಂತೆ ತೋರುತ್ತದೆ. ಆದರೆ ಕೀಲುರೋಗಗಳ ಎರಡು ಮುಖ್ಯ ವರ್ಗಗಳನ್ನು ಬೇರ್ಪಡಿಸುವುದರಲ್ಲಿ ಇದರಷ್ಟು ಉಪಯುಕ್ತವಾದ ಪ್ರಶ್ನೆ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಸವೆತದಿಂದ ಬಂದ ನೋವು ದುಡಿಮೆಯೊಡನೆ ಏರುತ್ತ ಹೋಗಿ ಸಂಜೆಗೆ ಹೆಚ್ಚುತ್ತದೆ. ಬೆಳಗಿನ ಬಿಗಿತವು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಪೊರೆಯು ಉರಿತಕ್ಕೊಳಗಾದ ಸಂಧಿವಾತದಲ್ಲಿ ಇದಕ್ಕೆ ವಿರುದ್ಧ. ವಿಶ್ರಾಂತಿಯೇ ಅಲ್ಲಿ ಶತ್ರು. ರಾತ್ರಿಯೆಲ್ಲ ಮಲಗಿದ್ದು ಎದ್ದವಳಿಗೆ ಒಂದು ಗಂಟೆ, ಎರಡು ಗಂಟೆ ಕಳೆದರೂ ಕೈ ಹಿಡಿತಕ್ಕೆ ಬರುವುದಿಲ್ಲ. ಇಕ್ಕಳದಿಂದ ಹಾಲಿನ ಪಾತ್ರೆಯನ್ನು ಇಳಿಸಲೂ ಮಗಳನ್ನು ಕರೆಯಬೇಕಾಗುತ್ತದೆ. ಯಾವ ಕೀಲುಗಳು ಎಂಬುದೂ ಅಷ್ಟೇ ಮುಖ್ಯ. ಸಂಧಿವಾತವು ಎರಡು ಕೈಗಳಲ್ಲೂ ಸರಿಸಮನಾಗಿ ಬೆರಳುಗಳ ಬುಡದ ಮತ್ತು ನಡುವಿನ ಗಿಣ್ಣುಗಳನ್ನು ಹಿಡಿದು, ತುದಿಯ ಗಿಣ್ಣುಗಳನ್ನು ಸಾಮಾನ್ಯವಾಗಿ ಬಿಡುತ್ತದೆ. ಸವೆತವಾದರೋ ತುದಿಯ ಗಿಣ್ಣುಗಳಲ್ಲಿ ಗಟ್ಟಿಯಾದ ಗಂಟುಗಳನ್ನು ಎಬ್ಬಿಸುತ್ತದೆ. ಈ ಗಂಟುಗಳನ್ನು ವರ್ಣಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್ನನ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1802ರಲ್ಲಿ, ಪ್ರಕಟವಾಯಿತು. ವಿದ್ಯಾರ್ಥಿಗಳು ಮನೆಯ ಹಿರಿಯರ ಬೆರಳುಗಳನ್ನು ನೋಡಿದರೆ ಅವನ್ನು ಕಾಣುವುದು ಕಷ್ಟವಾಗಲಾರದು.

ಇನ್ನು ರೋಗದ ನಡೆ. 2006ರಲ್ಲಿ ಕರ್ನಾಟಕವನ್ನು ವ್ಯಾಪಿಸಿದ ಚಿಕುನ್‌ಗುನ್ಯ ಜ್ವರವನ್ನು ಹಿರಿಯರು ಮರೆತಿರಲಾರರು. ಒಂದೇ ದಿನದಲ್ಲಿ ಜ್ವರ, ಮರುದಿನವೇ ಮೈಯ ಕೀಲುಗಳೆಲ್ಲ ಬಿಗಿ. ಇಂಥ ವೈರಸ್ ಜ್ವರಗಳಲ್ಲಿ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಬಾವು ಆರು ವಾರಗಳನ್ನು ಮೀರಿತೇ ಎಂದು ವೈದ್ಯನು ಎಣಿಸುವುದು ಈ ಕಾರಣದಿಂದ.

ಇದಕ್ಕಿಂತ ಮೋಸದ ನಡೆ ರುಮ್ಯಾಟಿಕ್ ಜ್ವರದ್ದು. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಸ್ಟ್ರೆಪ್ಟೊಕಾಕಸ್ ಎಂಬ ಅಣುಜೀವಿಯಿಂದ ಗಂಟಲು ಕೆರೆದು ಬಾತು, ಅದು ಗುಣವಾದ ಎರಡು ಮೂರು ವಾರಗಳ ಮೇಲೆ ಒಂದು ಮಂಡಿ ಊದಿಕೊಳ್ಳುತ್ತದೆ. ಅದು ಇಳಿಯುವಷ್ಟರಲ್ಲಿ ಹರಡು, ಬಳಿಕ ಮೊಣಕೈ. ಹೀಗೆ ನೋವು ಮನೆಯಿಂದ ಮನೆಗೆ ಹೋಗುವ ಅತಿಥಿಯಂತೆ ಸಂಚರಿಸಿ, ಕೊನೆಗೆ ಒಂದು ಗುರುತನ್ನೂ ಉಳಿಸದೆ ಮಾಯವಾಗುತ್ತದೆ. ತಂದೆತಾಯಿಗಳು ಸಂತೋಷಪಡುತ್ತಾರೆ. ಆದರೆ ಅದೇ ವೇಳೆಯಲ್ಲಿ ಹೃದಯದ ಕವಾಟಗಳು ಉರಿತಕ್ಕೊಳಗಾಗಿರಬಹುದು. ಪುನಃ ಪುನಃ ಜ್ವರ ಮರುಕಳಿಸಿ, ಕವಾಟಗಳು ಸುಕ್ಕಾಗಿ, ಹುಡುಗಿಯು ತರುಣಿಯಾಗುವ ವೇಳೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಸ್ಥಿತಿಗೆ ತಲಪಬಹುದು. ರೋಗವನ್ನು ಗುರುತಿಸಿದ್ದಾದರೆ ಕೆಲವು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚಿ ಮರುಕಳಿಕೆಯನ್ನು ತಡೆಯಬಹುದು. ಗುರುತಿಸುವ ಮೊದಲೇ ನೋವಿನ ಗುಳಿಗೆಯನ್ನು ಕೊಟ್ಟರೆ ಸಂಚಾರವು ನಿಂತುಬಿಡುತ್ತದೆ. ವೈದ್ಯನಿಗೆ ದಾರಿ ತೋರಿಸಬೇಕಾಗಿದ್ದ ಹೆಜ್ಜೆಗುರುತೇ ಅಳಿಸಿಹೋಗುತ್ತದೆ. ಅಂಗಡಿಯಿಂದ ಗುಳಿಗೆ ತಂದು ನುಂಗಿಸುವವರು ಇದನ್ನು ಯೋಚಿಸುವುದು ಒಳ್ಳೆಯದು.

ಮಾತು ಮುಗಿದ ಮೇಲೆ ಕೈಯ ಕೆಲಸ. ಅಂಗೈಯ ಹಿಂಬದಿಯಿಂದ ಮಂಡಿಯನ್ನು ಮುಟ್ಟಿದರೆ ಅದು ತೊಡೆಗಿಂತಲೂ ಕಣಕಾಲಿಗಿಂತಲೂ ಸ್ವಲ್ಪ ತಣ್ಣಗಿರಬೇಕು. ಸಮನಾಗಿ ಬೆಚ್ಚಗಿದ್ದರೂ ಒಳಗೆ ಉರಿತವಿದೆಯೆಂದರ್ಥ. ಮಂಡಿಚಿಪ್ಪನ್ನು ಕೆಳಕ್ಕೆ ಒತ್ತಿದಾಗ ಅದು ತೇಲುತ್ತಿದ್ದು ಮೂಳೆಗೆ ತಟಕ್ಕನೆ ತಗುಲಿದರೆ ಕೀಲಿನಲ್ಲಿ ನೀರು ತುಂಬಿದೆ. ಸಂಧಿವಾತದ ತೀವ್ರತೆಯನ್ನು ಅಳೆಯಲು ಗೊತ್ತಾದ 28 ಕೀಲುಗಳನ್ನು ಒಂದೊಂದಾಗಿ ಒತ್ತಿ, ಎಷ್ಟು ನೋಯುತ್ತವೆ, ಎಷ್ಟು ಬಾತಿವೆ ಎಂದು ಬರೆದಿಡುತ್ತಾರೆ. ಎಷ್ಟು ಬಲವಾಗಿ ಒತ್ತಬೇಕು? ಒತ್ತುವವನ ಉಗುರು ಬೆಳ್ಳಗಾಗುವಷ್ಟು. ಮೂರು ತಿಂಗಳ ಅನಂತರ ಮತ್ತೆ ಎಣಿಸಿದರೆ ಔಷಧವು ಕೆಲಸ ಮಾಡಿತೋ ಇಲ್ಲವೋ ಎಂಬುದು ಅಂಕಿಯಲ್ಲೇ ತಿಳಿಯುತ್ತದೆ.

ಒಂದೇ ಕೀಲು ಇದ್ದಕ್ಕಿದ್ದಂತೆ ಬಾತು, ಕೆಂಪಾಗಿ, ಅಲುಗಿಸಲೂ ಆಗದಂತಾದರೆ ವೈದ್ಯನ ಧೋರಣೆಯೇ ಬದಲಾಗುತ್ತದೆ. ಇದು ಕೀವುಕಟ್ಟಿದ ಕೀಲಾಗಿರಬಹುದು. ಅಣುಜೀವಿಗಳು ಒಳಹೊಕ್ಕ ಕೀಲಿನಲ್ಲಿ ಮೃದ್ವಸ್ಥಿಯು ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ, ಮತ್ತು ಹೋದ ಮೃದ್ವಸ್ಥಿ ಮರಳಿ ಬರುವುದಿಲ್ಲ. ಇಂಥಲ್ಲಿ ರಕ್ತಪರೀಕ್ಷೆಯ ಫಲಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಸೂಜಿಯನ್ನು ಚುಚ್ಚಿ ರಸವನ್ನು ಹೊರತೆಗೆಯಬೇಕು. ಆರೋಗ್ಯವಾದ ಕೀಲುರಸವು ತಿಳಿಯಾಗಿದ್ದು, ಗಾಜಿನ ನಳಿಗೆಯ ಹಿಂದೆ ಹಿಡಿದ ಅಚ್ಚಿನ ಅಕ್ಷರಗಳನ್ನು ಅದರ ಮೂಲಕ ಓದಬಹುದು. ಹನಿಸಿದರೆ ಜೇನಿನಂತೆ ಎಳೆಯಾಗಿ ಇಳಿಯುತ್ತದೆ. ಉರಿತವಿದ್ದರೆ ಅಕ್ಷರಗಳು ಮಸುಕಾಗುತ್ತವೆ, ರಸವು ನೀರಿನಂತೆ ತೊಟ್ಟಿಕ್ಕುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ, ಆರೋಗ್ಯವಾದ ರಸದ ಒಂದು ಘನ ಮಿಲಿಮೀಟರಿನಲ್ಲಿ ಬಿಳಿಯ ಕಣಗಳು 200ಕ್ಕಿಂತ ಕಡಮೆ. ಉರಿತವಿದ್ದರೆ ಅವು 2,000ವನ್ನು ಮೀರುತ್ತವೆ. ಕೀವಾದಾಗ ಅನೇಕ ವೇಳೆ 50,000ಕ್ಕೂ ಹೆಚ್ಚು.

ಅದೇ ಹನಿಯಲ್ಲಿ ಮತ್ತೊಂದು ರೋಗದ ಗುರುತೂ ಸಿಕ್ಕಬಹುದು. ಗೌಟ್ ರೋಗಿಯ ಗಂಟಿನಿಂದ ಹೊರಬಂದ ಸೀಮೆಸುಣ್ಣದಂಥ ವಸ್ತುವಿನಲ್ಲಿ ಸೂಜಿಯಾಕಾರದ ಕಣಗಳನ್ನು ಹಾಲೆಂಡಿನ ಲೀವೆನ್‌ಹುಕ್ 1679ರಷ್ಟು ಹಿಂದೆಯೇ ಕಂಡಿದ್ದನು. ಅವು ಏನೆಂಬುದು ಅವನಿಗೆ ತಿಳಿಯಲಿಲ್ಲ. 1848ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿರುವುದನ್ನು ತೋರಿಸಿದನು. ಮುಂದೆ ಅವನು ಕಂಡುಹಿಡಿದ ಪರೀಕ್ಷೆಯ ಸರಳತೆ ಮೆಚ್ಚತಕ್ಕದ್ದು: ರಕ್ತದ ತಿಳಿಗೆ ಅಸಿಟಿಕ್ ಆಮ್ಲವನ್ನು ಬೆರೆಸಿ, ಚಪ್ಪಟೆಯ ಗಾಜಿನ ಬಟ್ಟಲಿನಲ್ಲಿಟ್ಟು, ನಾರಿನ ಒಂದೆರಡು ಎಳೆಗಳನ್ನು ಹಾಕಿಟ್ಟರೆ, ಕಲ್ಲುಸಕ್ಕರೆಯು ದಾರಕ್ಕೆ ಕಟ್ಟುವಂತೆ ಯೂರಿಕ್ ಆಮ್ಲದ ಹರಳುಗಳು ಎಳೆಗೆ ಕಟ್ಟುತ್ತವೆ. ಆದರೂ ಕೀಲಿನೊಳಗಿನ ಹರಳನ್ನೇ ಕಂಡು ರೋಗವನ್ನು ನಿರ್ಧರಿಸುವ ಕ್ರಮವು ಬಂದದ್ದು 1961ರಲ್ಲಿ, ಅಮೆರಿಕದ ಮೆಕಾರ್ಟಿ ಮತ್ತು ಹಾಲಂಡರ್ ಅವರಿಂದ. ಅವರು ಕೀಲುರಸವನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿದರು. ಈ ವಿಧಾನದಲ್ಲಿ ಬಣ್ಣದ ಸಹಾಯವೂ ಉಂಟು: ಸೂಕ್ಷ್ಮದರ್ಶಕದಲ್ಲಿಟ್ಟ ವಿಶೇಷ ಫಲಕದ ಅಕ್ಷಕ್ಕೆ ಸಮಾಂತರವಾಗಿ ಬಿದ್ದ ಯೂರೇಟ್ ಸೂಜಿಯು ಹಳದಿಯಾಗಿಯೂ, ಅಡ್ಡವಾಗಿ ಬಿದ್ದದ್ದು ನೀಲಿಯಾಗಿಯೂ ತೋರುತ್ತದೆ. ಗೌಟಿನಂತೆಯೇ ನಟಿಸುವ ಮತ್ತೊಂದು ರೋಗದಲ್ಲಿ ಬಣ್ಣಗಳು ತಿರುವುಮುರುವಾಗುತ್ತವೆ. ಅಲ್ಲಿರುವುದು ಕ್ಯಾಲ್ಸಿಯಂ ಪೈರೊಫಾಸ್ಫೇಟ್. ಯೂರಿಕ್ ಆಮ್ಲವನ್ನು ತಗ್ಗಿಸುವ ಔಷಧವು ಮೊದಲನೆಯದಕ್ಕೆ ವರವಾದರೆ ಎರಡನೆಯದಕ್ಕೆ ನಿಷ್ಪ್ರಯೋಜಕ.

ರಕ್ತದ ಪರೀಕ್ಷೆಯನ್ನು ಕೊನೆಗಿಟ್ಟ ಕಾರಣವು ಈಗ ತಿಳಿದೀತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದ್ದವರಲ್ಲಿ ಬಹುಮಂದಿಗೆ ಗೌಟ್ ಎಂದೂ ಬರುವುದಿಲ್ಲ; ಗೌಟ್ ಬಂದವನಲ್ಲಿ ನೋವಿನ ಭರದ ದಿನವೇ ಅದು ಸಾಮಾನ್ಯ ಮಟ್ಟದಲ್ಲಿರುವುದುಂಟು. ಸಂಧಿವಾತದ ರಕ್ತದಲ್ಲಿ ಕಾಣುವ, 1940ರಲ್ಲಿ ನಾರ್ವೆಯ ಎರಿಕ್ ವಾಲರ್ ವರ್ಣಿಸಿದ ಅಂಶವು ಕೆಲವು ಆರೋಗ್ಯವಂತ ಮುದುಕರಲ್ಲಿಯೂ, ಕ್ಷಯ, ಕುಷ್ಠ ಮೊದಲಾದ ರೋಗಗಳಲ್ಲಿಯೂ ಕಾಣುತ್ತದೆ. ಸಂಧಿವಾತವಿದ್ದ ಹಲವರಲ್ಲಿ ಕಾಣುವುದಿಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಮೊದಲ ತಿಂಗಳುಗಳ ಸಂಧಿವಾತವು ಏನನ್ನೂ ತೋರಿಸದಿರಬಹುದು. ಅರುವತ್ತು ದಾಟಿದವರ ಮಂಡಿಯ ಚಿತ್ರವಾದರೋ ನೋವಿರಲಿ ಇಲ್ಲದಿರಲಿ ಸವೆತವನ್ನು ತೋರಿಸುವುದು ಸಾಮಾನ್ಯ. ಇಂಥ ಫಲಗಳಿಗೆ ಬೆಲೆ ಬರುವುದು, ವೈದ್ಯನು ಮೊದಲೇ ಒಂದು ಊಹೆಯನ್ನು ಮಾಡಿ ಅದನ್ನು ಪರೀಕ್ಷಿಸಲು ಕೇಳಿದಾಗ.

ರೋಗಿಯನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿಯಿತು: ಮನೆಯಲ್ಲಿ ಮತ್ತಾರಿಗೆ ಹೀಗಿದೆ? ಇದರ ಮಹತ್ತ್ವವನ್ನು ತೋರಿಸಿದ ಸಂಗತಿಯೊಂದು ನಮ್ಮ ಮಲೆನಾಡಿನಲ್ಲೇ ನಡೆಯಿತು. 1970ರ ದಶಕದ ನಡುಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, ದುಡಿಯುವ ವಯಸ್ಸಿನ ಅನೇಕರು ಸೊಂಟ, ಮಂಡಿಗಳ ನೋವಿನಿಂದ ನಡೆಯಲಾರದಾದುದು ಬೆಳಕಿಗೆ ಬಂತು. ಗದ್ದೆಗಳಿಗೆ ಆಗ ಕೀಟನಾಶಕಗಳನ್ನು ಸಿಂಪಡಿಸುತ್ತಿದ್ದರು. ಬಡವರು ಅದೇ ಗದ್ದೆಗಳ ಏಡಿ, ಮೀನುಗಳನ್ನು ತಿನ್ನುತ್ತಿದ್ದರು. ವಿಷವೇ ಕಾರಣವೆಂಬ ಸಂದೇಹ ಹುಟ್ಟಿದುದು ಸಹಜವಾಗಿಯೇ ಇತ್ತು.

ಆದರೆ ವಿಷಕ್ಕೆ ಬಂಧುಬಳಗದ ಪರಿಚಯವಿರುವುದಿಲ್ಲ. ಈ ರೋಗಕ್ಕೆ ಇತ್ತು. ಸುತ್ತಣ ಹಳ್ಳಿಗಳಲ್ಲಿಯೂ ಅದು ತಮ್ಮೊಳಗೇ ಮದುವೆಯಾಗುವ ಒಂದೆರಡು ಸಮುದಾಯಗಳ ಕೆಲವು ಕುಟುಂಬಗಳನ್ನು ಮಾತ್ರ ಹಿಡಿದಿತ್ತು. ಸಂಶೋಧಕರು ವಂಶವೃಕ್ಷಗಳನ್ನು ಬರೆದು ನೋಡಿದರು. ತಲೆಮಾರು ತಪ್ಪದೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ರೋಗಿಗಳು ಕಾಣಿಸಿಕೊಂಡರು. ಪ್ರಬಲ ಜೀನೊಂದರಿಂದ ಹರಿಯುವ ರೋಗದ ಲಕ್ಷಣವಿದು. ಇಂಥಲ್ಲಿ ರೋಗಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. 1977ರಲ್ಲಿ ಪ್ರಕಟವಾದ ಲೇಖನವೊಂದು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದೇ ಕರೆಯಿತು. 1990ರ ದಶಕದಲ್ಲಿ ನಡೆದ ಕ್ಷ-ಕಿರಣ ಅಧ್ಯಯನಗಳಲ್ಲಿ ತೊಡೆಯೆಲುಬಿನ ತಲೆಯೂ ಬೆನ್ನೆಲುಬಿನ ಮಣಿಗಳೂ ಚಪ್ಪಟೆಯಾಗಿರುವುದು ಕಂಡುಬಂದು, ಇದು ಮೂಳೆಗಳ ಬೆಳವಣಿಗೆಯಲ್ಲೇ ಹುಟ್ಟಿಬಂದ ದೋಷವೆಂದು ಸ್ಥಿರಪಟ್ಟಿತು. ಕೀಲು ಸವೆದುದು ಅದರ ಫಲ. ಏಡಿಯನ್ನು ಬಿಟ್ಟರೆ ಮಕ್ಕಳು ಪಾರಾದಾರೆಂಬ ಆಸೆಗೆ ಆಧಾರವಿಲ್ಲದಂತಾಯಿತು. ಸವೆದ ಸೊಂಟಕ್ಕೆ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ರೋಗದ ಮೂಲವನ್ನು ತಡೆಯುವ ಔಷಧ ಇಲ್ಲ.