ಮಾಂಸಕ್ಕೆ ನಾಟುವ ಕಾಲುಗುರು

ಕಾಲಿನ ಹೆಬ್ಬೆರಳಿನ ಉಗುರು ಕೆಲವೊಮ್ಮೆ ನೇರವಾಗಿ ಬೆಳೆಯದೆ, ಅದರ ಅಂಚು ಪಕ್ಕದ ಮಾಂಸಕ್ಕೆ ನಾಟಿಕೊಳ್ಳುತ್ತದೆ. ಶೂ ಹಾಕಿದರೆ ನೋವು. ಜೋರಾದರೆ ಹೊದಿಕೆ ತಗುಲಿದರೂ ನೋವು. ಆಗ ಹಲವರು ನೇಲ್ ಕಟರ್ ಹಿಡಿದು ಚುಚ್ಚುವ ಮೂಲೆಯನ್ನು ಆಳಕ್ಕೆ ಕತ್ತರಿಸುತ್ತಾರೆ. ಅಂದಿಗೆ ಹಾಯೆನಿಸಿದರೂ ಉಗುರು ಬೆಳೆದಂತೆ ನೋವು ಮತ್ತೆ ಬರುತ್ತದೆ.

ಹೀಗೇಕಾಗುತ್ತದೆ?

ಉಗುರು ಹುಟ್ಟುವುದು ಬುಡದ ಚರ್ಮದಡಿಯಲ್ಲಿ. ಕಾಲುಗುರು ಅಲ್ಲಿಂದ ತಿಂಗಳಿಗೆ ಸುಮಾರು 1.5 ಮಿ.ಮೀ. ಮುಂದೆ ಸಾಗುತ್ತದೆ, ಕೈಯುಗುರಿನ ಅರ್ಧದಷ್ಟು ವೇಗ. ಮೂಲೆಯನ್ನು ಕತ್ತರಿಸಿದರೆ ತೆರವಾದ ಜಾಗಕ್ಕೆ ಮಾಂಸ ಉಬ್ಬಿ ಬರುತ್ತದೆ. ಕಟರ್‌ಗೆ ಸಿಗದೆ ಒಳಗುಳಿದ ಚೂಪು ತುಣುಕು ಬೆಳೆಯುತ್ತ ಸಿಬಿರಿನಂತೆ ಅದಕ್ಕೇ ಚುಚ್ಚುತ್ತದೆ. ಬೆರಳನ್ನು ಅಮುಕುವ ಶೂ, ಬೆರಳಿಗೆ ಬಿದ್ದ ಪೆಟ್ಟು, ಅತಿಯಾದ ಬೆವರು, ಹುಟ್ಟಿನಿಂದಲೇ ಬಾಗಿದ ಉಗುರು ಇವೂ ಕಾರಣಗಳೇ. ಹದಿಹರೆಯದವರಲ್ಲಿ ಈ ತೊಂದರೆ ಹೆಚ್ಚು.

ಗುರುತಿಸುವುದು ಹೇಗೆ?

ಮೊದಲ ಹಂತದಲ್ಲಿ ಉಗುರಿನ ಪಕ್ಕ ಕೆಂಪಾಗಿ ಊದಿಕೊಳ್ಳುತ್ತದೆ, ಒತ್ತಿದರೆ ನೋಯುತ್ತದೆ. ಎರಡನೆಯದರಲ್ಲಿ ಸೋಂಕು ತಗುಲಿ ನೀರು, ಕೀವು ಒಸರುತ್ತದೆ. ಮೂರನೆಯದರಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಬೆಳೆದು ಉಗುರಿನ ಅಂಚನ್ನು ಮುಚ್ಚುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಮನೆಯ ಆರೈಕೆ ಮೊದಲ ಹಂತಕ್ಕೆ ಮಾತ್ರ. ಉಗುರುಬೆಚ್ಚನೆಯ ನೀರಿನಲ್ಲಿ ಪಾದವನ್ನು 15–20 ನಿಮಿಷ ನೆನೆಸಿ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬಹುದು. ಒರೆಸಿ ಪೂರ್ತಿ ಒಣಗಿಸಿದ ಮೇಲೆ ಹತ್ತಿಯ ಸಣ್ಣ ಎಳೆಯೊಂದನ್ನು ಉಗುರಿನ ಅಂಚಿನ ಕೆಳಗೆ ಮೆಲ್ಲಗೆ ಸೇರಿಸಿ, ಪ್ರತಿದಿನ ಬದಲಿಸಿ. ಅಂಚು ಮಾಂಸದ ಮೇಲಕ್ಕೆ ಬರುವವರೆಗೆ ಬೆರಳು ತೆರೆದಿರುವ ಚಪ್ಪಲಿ ಹಾಕಿ. ಪಿನ್ನು, ಬ್ಲೇಡಿನಿಂದ ಕೆದಕಬೇಡಿ. ನಿಂಬೆಹಣ್ಣಿಗೆ ಬೆರಳು ತೂರಿಸುವುದು, ಅರಿಸಿನ ಮೆತ್ತುವುದು ನಾಟಿಕೊಂಡ ಅಂಚನ್ನು ಹೊರಗೆ ತರುವುದಿಲ್ಲ. ಉಗುರಿನ ನಡುವೆ ಕಚ್ಚು ಹಾಕಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂಬ ನಂಬಿಕೆಗೂ ಆಧಾರವಿಲ್ಲ. ಬೆಳವಣಿಗೆ ಬುಡದಲ್ಲಿ ನಡೆಯುವಾಗ ತುದಿಯ ಕಚ್ಚು ಅದರ ದಿಕ್ಕು ಬದಲಿಸಲಾರದು.

ವೈದ್ಯರ ಬಳಿ ಹೋಗಬೇಕಾದಾಗ

ಕೀವು ಕಂಡರೆ, ಮಾಂಸ ಬೆಳೆದರೆ, ಕೆಂಪುಬಣ್ಣ ಪಾದದ ಕಡೆಗೆ ಹರಡಿದರೆ, ಜ್ವರ ಬಂದರೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮೊದಲ ದಿನವೇ ಹೋಗಬೇಕು. ಮೇಲೆ ಹೇಳಿದ ಮನೆಯ ಆರೈಕೆ ಅವರಿಗಲ್ಲ. ಪಾದದ ಸ್ಪರ್ಶ ಮಂದವಾಗಿದ್ದರೆ ನೋವೂ ತಿಳಿಯದು, ನೀರಿನ ಬಿಸಿಯೂ ತಿಳಿಯದು. ಗೊತ್ತಾಗುವಷ್ಟರಲ್ಲಿ ಸಣ್ಣ ಗಾಯ ದೊಡ್ಡ ಹುಣ್ಣಾಗಬಹುದು.

ನೋವು ಪದೇಪದೇ ಮರುಕಳಿಸಿದರೆ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಬೆರಳಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ನಾಟಿಕೊಂಡಿರುವ ಅಂಚಿನ ಪಟ್ಟಿಯನ್ನಷ್ಟೇ ಉದ್ದಕ್ಕೆ ಸೀಳಿ ತೆಗೆಯುತ್ತಾರೆ. ಆ ಭಾಗದ ಬೇರಿಗೆ ಫಿನಾಲ್ ಎಂಬ ರಾಸಾಯನಿಕ ಹಚ್ಚಿ ಅಲ್ಲಿ ಮತ್ತೆ ಉಗುರು ಹುಟ್ಟದಂತೆ ಮಾಡುತ್ತಾರೆ. ಅಂದೇ ಮನೆಗೆ ಹೋಗಬಹುದು. ಉಗುರು ತುಸು ಕಿರಿದಾಗಿ ಉಳಿಯುತ್ತದೆ, ಅಷ್ಟೆ. ಬೇರನ್ನು ಹಾಗೇ ಬಿಟ್ಟು ಇಡೀ ಉಗುರನ್ನು ಕಿತ್ತುಹಾಕಿದರೆ ಅದು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು; ಹಾಗೆ ಬೆಳೆದದ್ದು ಮತ್ತೆ ನಾಟಿಕೊಳ್ಳುವ ಸಾಧ್ಯತೆಯೂ ಹೆಚ್ಚು.

ಬಾರದಂತೆ ತಡೆಯಲು

ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸಿ. ಅಡ್ಡಕ್ಕೆ ನೇರವಾಗಿ ಕತ್ತರಿಸಿ, ಬೆರಳಿನ ತುದಿಯ ಮಟ್ಟಕ್ಕೆ ಉಳಿಸಿ. ಮೂಲೆ ಚೂಪಾಗಿದ್ದರೆ ಉಜ್ಜಿ ನಯಮಾಡಿ, ಒಳಕ್ಕೆ ಇಳಿಸಬೇಡಿ. ಶೂ ಕೊಳ್ಳುವುದು ಸಂಜೆಯಾಗಲಿ, ಆಗ ಪಾದ ತುಸು ಊದಿರುತ್ತದೆ. ಬೆರಳುಗಳು ಒಳಗೆ ಆಡುವಷ್ಟು ಜಾಗವಿರಲಿ. ಮಕ್ಕಳ ಶಾಲೆಯ ಶೂ ಚಿಕ್ಕದಾಗಿದೆಯೇ ಎಂದು ಆಗಾಗ ನೋಡಿ. ಕಾಲು ಬೆಳೆದಿದ್ದರೆ ವರ್ಷ ಮುಗಿಯಲೆಂದು ಕಾಯದೆ ಬದಲಿಸಿ.