ಮನೆತನದ ಕೋವಿ: ನೆನಪು ಮತ್ತು ಛಾಯಾಚಿತ್ರಗಳಿಂದ ಕಾಲನಿರ್ಣಯ

ಹೊರನಾಡಿನ ಕನ್ನಡ ಮನೆತನಗಳ ಇತಿಹಾಸವನ್ನು ಸಂಗ್ರಹಿಸುವವರಿಗೆ ಕಡತ, ಕಾಗದಪತ್ರಗಳ ಜೊತೆಗೆ ಕಳೆದುಹೋದ ವಸ್ತುಗಳ ನೆನಪುಗಳೂ ಎದುರಾಗುತ್ತವೆ. ಕೊಡಗು, ಮಲೆನಾಡುಗಳ ಮೂಲದವರಲ್ಲಿ ಆ ವಸ್ತು ಅನೇಕ ವೇಳೆ ಕೋವಿ. ಕೋವಿ ಕೈಬಿಟ್ಟಿರುತ್ತದೆ. ಉಳಿದಿರುವುದು ಹಿರಿಯರೊಬ್ಬರು ಅದನ್ನು ಹಿಡಿದು ನಿಂತ ಮಾಸಿದ ಛಾಯಾಚಿತ್ರ ಮತ್ತು 'ಇದು ಅಮರಸುಳ್ಯದ ದಂಗೆಯ ಕಾಲದ್ದು' ಎಂಬಂತಹ ಒಂದು ಮಾತು. ಇಂತಹ ಸಾಮಗ್ರಿಯನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲು ಕೊಡಗಿನ ಹಿನ್ನೆಲೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1837ರಲ್ಲಿ ದಂಗೆ ನಡೆಯಿತು. 1861ರಲ್ಲಿ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಕೊಡಗರಿಗೆ ನಿಶ್ಶಸ್ತ್ರೀಕರಣ ಶಾಸನದಿಂದ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಕೋವಿಯ ನಳಿಗೆಗೆ 'ತೋಕ್ ಪೂ' ಸಿಕ್ಕಿಸುತ್ತಾರೆ. ಹೀಗೆ ಅಲ್ಲಿ ಕೋವಿ ಬರಿಯ ಬೇಟೆಯ ಸಾಧನವಲ್ಲ, ಮನೆತನದ ಗುರುತು. ಅದರ ಕಾಲವನ್ನು ಪ್ರಶ್ನಿಸುವುದೆಂದರೆ ಮನೆತನದ ಕಥೆಯನ್ನೇ ಪ್ರಶ್ನಿಸಿದಂತೆ. ಆದ್ದರಿಂದ ಎಚ್ಚರಿಕೆ ಅಗತ್ಯ.

ಮೌಖಿಕ ಸಾಕ್ಷ್ಯವನ್ನು ಪಡೆಯುವಾಗ 'ಯಾವ ಕಂಪನಿಯದು?' ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. 'ಈಡು ತುಂಬುತ್ತಿದ್ದುದು ಹೇಗೆ?' ಎಂದು ಕೇಳಬೇಕು. ನಳಿಗೆಯ ಬಾಯಿಂದ ಮದ್ದು, ಚರೆಗಳನ್ನು ಹಾಕಿ ಗಜದಿಂದ ಜಡಿಯುತ್ತಿದ್ದರೆ ಅದು 'ಕೇಪಿನ ಕೋವಿ' ಅಥವಾ ಅದಕ್ಕಿಂತ ಹಳೆಯ ಚಕಮಕಿ ಕೋವಿ. ಕೋವಿಯನ್ನು ನಡುವೆ ಮುರಿದು ತೋಟೆ ಇಡುತ್ತಿದ್ದರೆ ಅದು 'ತೋಟೆ ಕೋವಿ'. ಜನರು ಬಳಸುವ ಈ ಹೆಸರುಗಳೇ ತಾಂತ್ರಿಕ ಸಾಕ್ಷ್ಯಗಳು. ಅವನ್ನು ಅವರ ಮಾತಿನಲ್ಲೇ ದಾಖಲಿಸಬೇಕು, ಶಿಷ್ಟ ಪದಕ್ಕೆ ತಿದ್ದಬಾರದು.

ಛಾಯಾಚಿತ್ರದಲ್ಲಿ ನೋಡಬೇಕಾದ ಅಂಶಗಳು ನಾಲ್ಕು. ನಳಿಗೆ ಒಂದೋ ಎರಡೋ, ನಳಿಗೆಯಡಿ ಗಜವಿದೆಯೇ, ಹೊರಗೆ ಕಾಣುವ ಕುದುರೆಗಳಿವೆಯೇ, ಕೋವಿಯನ್ನು ತೆರೆಯುವ ಸನ್ನೆ ಮೇಲಿದೆಯೋ, ಪಕ್ಕದಲ್ಲಿದೆಯೋ, ಕೆಳಗಿದೆಯೋ. ಒಂಟಿನಳಿಗೆಯ ಕೇಪಿನ ಕೋವಿಯಲ್ಲಿ ಕುದುರೆ ಸಾಮಾನ್ಯವಾಗಿ ಬಲಬದಿಗಿರುತ್ತದೆ. ಚಿತ್ರದಲ್ಲಿ ಎಡಕ್ಕೆ ಕಂಡರೆ, ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿರಬಹುದೇ ಎಂದು ಅಂಗಿಯ ಗುಂಡಿ, ಹಿನ್ನೆಲೆಯ ಬರಹಗಳಿಂದ ಪರಿಶೀಲಿಸಬೇಕು. ನಳಿಗೆಯ ಬೋರನ್ನು ಮಾತ್ರ ಚಿತ್ರದಿಂದ ನಿರ್ಧರಿಸಲಾಗದು. ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗುಂಡುಗಳಾಗುವ ಅಳತೆ, ಸುಮಾರು 0.729 ಅಂಗುಲ, ಹದಿನಾರು ಬೋರಿಗೂ ಅದಕ್ಕೂ ಇರುವ ಅಂತರ ಮಾಸಿದ ಚಿತ್ರದಲ್ಲಿ ಅಳೆಯುವಂಥದಲ್ಲ.

ಕವಿಯ ಕಾಲನಿರ್ಣಯದಲ್ಲಿ ಪೂರ್ವಕವಿಸ್ಮರಣೆ ಒಂದು ಮಿತಿಯನ್ನೂ, ನಂತರದವರ ಉಲ್ಲೇಖ ಇನ್ನೊಂದನ್ನೂ ಒದಗಿಸುವುದು ನಮಗೆ ತಿಳಿದದ್ದೇ. ಇಲ್ಲಿಯೂ ಹಾಗೆಯೇ. ರಚನೆ ಪೂರ್ವಮಿತಿಯನ್ನು ಕೊಡುತ್ತದೆ. ಛಾಯಾಚಿತ್ರ ತೆಗೆದ ಕಾಲ ಉತ್ತರಮಿತಿಯನ್ನು ಕೊಡುತ್ತದೆ. ನಡುವೆ ಸಿಡಿಯುವ ತೋಟೆಯ ಕೋವಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಕುದುರೆಯನ್ನು ಒಳಗಡಗಿಸಿದ ಆನ್ಸನ್ ಮತ್ತು ಡೀಲಿ ರಚನೆಗೆ ಪೇಟೆಂಟ್ ದೊರೆತದ್ದು 1875ರಲ್ಲಿ. ಆದರೆ ಹೊರಕುದುರೆಯ ಕೋವಿಗಳು ಇಪ್ಪತ್ತನೆಯ ಶತಮಾನದಲ್ಲೂ ತಯಾರಾದವು. ಕುದುರೆ ಕಂಡ ಮಾತ್ರಕ್ಕೆ ಕೋವಿ ಬಹು ಹಳೆಯದೆನ್ನಲಾಗದು.

ಲೋಹದ ಮೇಲಿನ ಮುದ್ರೆಗಳು ಇನ್ನಷ್ಟು ಖಚಿತ. 'ನಾಟ್ ಫಾರ್ ಬಾಲ್' ಎಂಬ ಬರಹವಿದ್ದರೆ 1875ರಿಂದ 1887ರ ನಡುವಣ ಪರೀಕ್ಷೆ. 'ನೈಟ್ರೋ ಪ್ರೂಫ್' ಎಂದಿದ್ದರೆ 1896ರ ನಂತರದ್ದು. ಅಂಡಾಕಾರದೊಳಗೆ ಇ.ಎಲ್.ಜಿ. ಅಕ್ಷರಗಳಿದ್ದರೆ ಕೋವಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಪರೀಕ್ಷೆಗೊಳಗಾಗಿದೆ. ಈ ಮುದ್ರೆಗಳು ನಳಿಗೆಯ ತಳದಲ್ಲಿರುವುದರಿಂದ ಚಿತ್ರದಲ್ಲಿ ಕಾಣವು. ಯಾರಾದರೂ ಬರೆದಿಟ್ಟಿದ್ದರೆ ಅಥವಾ ನೆನಪಿಟ್ಟಿದ್ದರೆ ಮಾತ್ರ ದೊರೆಯುತ್ತವೆ. ಇನ್ನೊಂದು ಎಚ್ಚರಿಕೆ: ಮೇಲೆ ಕೆತ್ತಿದ ಹೆಸರು ತಯಾರಕನದೇ ಆಗಿರಬೇಕಿಲ್ಲ. ಮದರಾಸಿನ ಪಿ. ಆರ್ ಅಂಡ್ ಸನ್ಸ್, ಕಲ್ಕತ್ತೆಯ ರಾಡ್ಡಾ ಮೊದಲಾದ ಮಾರಾಟಗಾರರ ಹೆಸರು ಹೊತ್ತ ಕೋವಿಗಳು ಉಂಟು.

ಕೋವಿ ಇಲ್ಲವಾದರೂ ಪರವಾನಗಿ ಪುಸ್ತಕ ಉಳಿದಿರಬಹುದು. 1878ರ ಆಯುಧ ಕಾಯಿದೆಯ ಹಾಗೂ 1962ರಲ್ಲಿ ಜಾರಿಗೆ ಬಂದ 1959ರ ಕಾಯಿದೆಯ ಪರವಾನಗಿಗಳಲ್ಲಿ ಆಯುಧದ ವಿವರ ನಮೂದಾಗಿರುತ್ತದೆ. ಕ್ರಮಸಂಖ್ಯೆ ದೊರೆತರೆ, ತಯಾರಕನ ಲೆಕ್ಕದ ಪುಸ್ತಕ ಉಳಿದಿರುವಲ್ಲಿ ತಯಾರಿಕೆಯ ವರ್ಷವನ್ನೇ ತಿಳಿಯಬಹುದು.

ಈಗ ಆರಂಭದ ಉದಾಹರಣೆಗೆ ಬರೋಣ. ಚಿತ್ರದಲ್ಲಿರುವುದು ಮೇಲ್ಸನ್ನೆಯ ಜೋಡುನಳಿಗೆಯ ತೋಟೆ ಕೋವಿ ಎಂದಿಟ್ಟುಕೊಂಡರೆ ಅದು 1837ರ ದಂಗೆಯಲ್ಲಿ ಇರಲು ಸಾಧ್ಯವಿಲ್ಲ. ಕೇಪಿನ ಕೋವಿಯಾದರೆ ಹಾಗೆನ್ನಲಾಗದು. ಚಕಮಕಿ ಕೋವಿಯನ್ನೇ ಮುಂದೆ ಕೇಪಿಗೆ ಬದಲಿಸಿಕೊಂಡದ್ದೂ ಉಂಟು. ತೋಟೆ ಕೋವಿಯ ವಿಷಯದಲ್ಲೂ ಮನೆಯವರ ಮಾತನ್ನು ಕಟ್ಟುಕಥೆಯೆಂದು ತಳ್ಳುವುದು ಆತುರವಾದೀತು. ಮೊದಲಿದ್ದ ಕೋವಿಯ ಜಾಗಕ್ಕೆ ಹೊಸದು ಬಂದಾಗ ಹಳೆಯದರ ಕಥೆಯೂ ಅದಕ್ಕೆ ವರ್ಗವಾಗಿರಬಹುದು. ಹಳೆಯ ಪ್ರತಿ ನಶಿಸಿ ನಕಲು ಉಳಿದಾಗ, ನಕಲನ್ನೇ ಮೂಲವೆಂದು ಪೂಜಿಸುವುದನ್ನು ಹಸ್ತಪ್ರತಿಗಳ ಲೋಕದಲ್ಲಿಯೂ ಕಾಣುತ್ತೇವೆ. ಆದುದರಿಂದ ಮುಂದಿನ ಪ್ರಶ್ನೆ 'ಇದಕ್ಕೆ ಮುಂಚೆ ಮನೆಯಲ್ಲಿ ಬೇರೆ ಕೋವಿ ಇತ್ತೇ?' ಎಂಬುದಾಗಬೇಕು. ಅದನ್ನು ಉತ್ತರಿಸಬಲ್ಲ ಹಿರಿಯರು ಪುಣೆಯಲ್ಲೋ ದೆಹಲಿಯಲ್ಲೋ ಇನ್ನೂ ಇದ್ದಾಗಲೇ ಕೇಳಿ, ಮಾತು, ಚಿತ್ರ, ಪರವಾನಗಿ ಮೂರನ್ನೂ ಬೇರೆ ಬೇರೆಯಾಗಿ ದಾಖಲಿಸಿ, ಅನಂತರ ಹೋಲಿಸುವುದು ಯುಕ್ತ.